ಸ್ಮಾರ್ಟ್ ಬಲ್ಬು, ಪ್ಲಗ್ಗು ಪದೇ ಪದೇ ಆಫ್‌ಲೈನ್: ತೊಂದರೆ ಎಲ್ಲಿದೆ ಅಂತ ಹುಡುಕುವ ಬಗೆ

ಮನೆಗೆ ಸ್ಮಾರ್ಟ್ ಬಲ್ಬು, ಪ್ಲಗ್ಗು, ಕ್ಯಾಮೆರಾ ತಂದ ಮೊದಲ ವಾರ ಎಲ್ಲವೂ ಚೆನ್ನಾಗಿರುತ್ತದೆ. ಆಮೇಲೆ ಒಂದೊಂದೇ ಕೈಕೊಡಲು ಶುರು ಮಾಡುತ್ತದೆ. ಬೆಳಗ್ಗೆ ಗೀಸರ್ ಆನ್ ಆಗಬೇಕಿತ್ತು, ಆಗಿರುವುದಿಲ್ಲ. ಗೇಟಿನ ಕ್ಯಾಮೆರಾ 'ಆಫ್‌ಲೈನ್' ಅಂತ ತೋರಿಸುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸರಿಯಾಗಿರುತ್ತದೆ. ಪೂರ್ತಿ ಕೆಟ್ಟು ನಿಂತ ವಸ್ತುವನ್ನು ರಿಪೇರಿ ಮಾಡಿಸಬಹುದು. ಹೀಗೆ ಬಂದು ಹೋಗುವ ತೊಂದರೆಯನ್ನು ಹಿಡಿಯುವುದೇ ಕಷ್ಟ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಇಂಟರ್ನೆಟ್ ಕಂಪನಿಗೆ ಫೋನ್ ಮಾಡುತ್ತಾರೆ. ಆಮೇಲೆ ಪ್ಲಾನ್ ದೊಡ್ಡದು ಮಾಡಿಸುತ್ತಾರೆ. 100 ಎಂಬಿಪಿಎಸ್ ಇದ್ದದ್ದು 300 ಆಗುತ್ತದೆ. ಬಲ್ಬು ಮಾತ್ರ ಇದ್ದ ಹಾಗೇ ಇರುತ್ತದೆ. ಯಾಕೆಂದರೆ ಬಲ್ಬಿಗೆ ವೇಗ ಬೇಕಿಲ್ಲ. 'ಆನ್ ಆಗು' ಅನ್ನುವ ಆದೇಶ ತೀರಾ ಸಣ್ಣದು, ಹಳೇ ಕಾಲದ ನಿಧಾನದ ಇಂಟರ್ನೆಟ್‌ನಲ್ಲೂ ಕ್ಷಣದಲ್ಲಿ ತಲುಪುವಷ್ಟು. ಬಲ್ಬಿಗೆ ಬೇಕಿರುವುದು ದಿನದ 24 ಗಂಟೆಯೂ ಕಡಿಯದೆ ಇರುವ ಸಂಪರ್ಕ. ವೇಗ ಮತ್ತು ಸ್ಥಿರತೆ ಬೇರೆ ಬೇರೆ. ದುಡ್ಡು ಕೊಟ್ಟರೆ ವೇಗ ಸಿಗುತ್ತದೆ. ಸ್ಥಿರತೆ ಬೇಕಾದರೆ ತೊಂದರೆ ಎಲ್ಲಿದೆ ಅಂತ ಮೊದಲು ಹುಡುಕಬೇಕು.

ಅದಕ್ಕೇ ಏನನ್ನೂ ಕೊಳ್ಳುವ ಮೊದಲು ಹುಡುಕಿ ಅಂತ ಹೇಳುತ್ತೇನೆ. ಹುಡುಕುವುದಕ್ಕೆ ಬೇಕಾದ ಸಲಕರಣೆ ನಿಮ್ಮ ಫೋನಿನಲ್ಲೇ ಇದೆ.

ಸಂಪರ್ಕ ಎಲ್ಲಿ ಕಡಿಯುತ್ತಿದೆ?

ಫೋನಿನಲ್ಲಿ ಬಟನ್ ಒತ್ತಿದಾಗ ಆದೇಶ ನೇರವಾಗಿ ಬಲ್ಬಿಗೆ ಹೋಗುತ್ತದೆ ಅಂತ ನಮಗೆ ಅನಿಸುತ್ತದೆ. ಬಹಳಷ್ಟು ಅಗ್ಗದ ಸಾಧನಗಳಲ್ಲಿ ಹಾಗೆ ಆಗುವುದಿಲ್ಲ. ಆದೇಶ ರೌಟರ್‌ಗೆ ಹೋಗಿ, ಅಲ್ಲಿಂದ ಹೊರಗೆ ಎಲ್ಲೋ ಇರುವ ಕಂಪನಿಯ ಸರ್ವರ್ ಮುಟ್ಟಿ, ಮತ್ತೆ ನಿಮ್ಮ ಮನೆಗೆ ವಾಪಸ್ ಬಂದು, ರೌಟರ್‌ನಿಂದ ಬಲ್ಬಿಗೆ ತಲುಪುತ್ತದೆ. ಅಂದರೆ ಮೂರು ಭಾಗಗಳಿವೆ. ಬಲ್ಬು ಮತ್ತು ರೌಟರ್ ನಡುವಿನ ಗಾಳಿ ಒಂದು. ರೌಟರ್ ಮತ್ತು ಅದರ ಒಳಗಿನ ವ್ಯವಸ್ಥೆ ಇನ್ನೊಂದು. ಮನೆಯಿಂದ ಸರ್ವರ್‌ವರೆಗಿನ ಹಾದಿ ಮೂರನೆಯದು. ಮೂರರಲ್ಲಿ ಯಾವುದು ಕಡಿದರೂ ಆಪ್ ತೋರಿಸುವುದು ಒಂದೇ ಮಾತು: ಆಫ್‌ಲೈನ್.

ಮೂರನೆಯದನ್ನು ಬೇರೆ ಮಾಡಿ ನೋಡುವುದು ಸುಲಭ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈ-ಫೈಗೆ ಮಾತ್ರ ಸೇರಿಸಿ. ಈಗ ಫೈಬರ್ ಬಾಕ್ಸ್‌ನಿಂದ ರೌಟರ್‌ಗೆ ಬರುವ ಕೇಬಲ್ ತೆಗೆಯಿರಿ. ರೌಟರ್ ಆನ್ ಇರಲಿ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಫೈಬರ್ ವೈರ್ ಮಾತ್ರ ಕೀಳಬೇಡಿ, ಅದರ ತುದಿಗೆ ಧೂಳು ಕೂತರೆ ಅದೇ ಹೊಸ ತೊಂದರೆ. ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಇಂಟರ್ನೆಟ್ ಸಂಪರ್ಕ ಕಡಿಯುವ ಆಯ್ಕೆ ಇರುತ್ತದೆ, ಅದನ್ನು ಬಳಸಿ. ಈಗಲೂ ಬಲ್ಬು ಆಪ್‌ನ ಮಾತು ಕೇಳಿದರೆ ಅದಕ್ಕೆ ಮನೆಯೊಳಗೇ ಆದೇಶ ತಲುಪುತ್ತಿದೆ ಅಂತ ಅರ್ಥ. ಕೇಳದಿದ್ದರೆ ಅದು ಸರ್ವರ್ ನಂಬಿ ಬದುಕುವ ಸಾಧನ. ಅಂಥದಕ್ಕೆ ಇಂಟರ್ನೆಟ್ ಒಂದು ನಿಮಿಷ ಹೋದರೂ ಆಪ್‌ನಿಂದ ಕೆಲಸ ಆಗುವುದಿಲ್ಲ.

ಇದರಲ್ಲಿ ನಿಮ್ಮ ರೌಟರ್ ತಪ್ಪೂ ಇಲ್ಲ, ಇಂಟರ್ನೆಟ್ ಕಂಪನಿಯ ತಪ್ಪೂ ಇಲ್ಲದ ದಿನಗಳೂ ಇರುತ್ತವೆ. 2021ರ ಡಿಸೆಂಬರ್ 7ರಂದು ಅಮೆಜಾನ್‌ನ ಕ್ಲೌಡ್ ಸೇವೆಯ ಅಮೆರಿಕದ ಒಂದು ಕೇಂದ್ರದಲ್ಲಿ ತೊಂದರೆಯಾಯಿತು. ಅಲೆಕ್ಸಾ, ರಿಂಗ್ ಕ್ಯಾಮೆರಾ, ನೆಲ ಗುಡಿಸುವ ರೂಂಬಾ ರೋಬೋಟ್ ಎಲ್ಲವೂ ಗಂಟೆಗಟ್ಟಲೆ ಪರದಾಡಿದವು. ಆ ಮನೆಗಳ ವೈ-ಫೈ ಚೆನ್ನಾಗಿಯೇ ಇತ್ತು. ಅಂಥ ದಿನ ರೌಟರ್ ರೀಸೆಟ್ ಮಾಡಿದರೆ ಇದ್ದ ಸೆಟ್ಟಿಂಗೂ ಹೋಗುತ್ತದೆ ಅಷ್ಟೆ.

ಮೊದಲ ಎರಡು ಭಾಗಗಳನ್ನು ನೋಡಲು 'ಪಿಂಗ್' ಅನ್ನುವ ಸರಳ ಪರೀಕ್ಷೆ ಇದೆ: ಒಂದು ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡುವುದು. ಫೋನಿಗೆ ಪಿಂಗ್ ಮಾಡುವ ಉಚಿತ ಆಪ್ ಯಾವುದಾದರೂ ಹಾಕಿಕೊಳ್ಳಿ. ಕೈಕೊಡುವ ಸಾಧನದ ಪಕ್ಕದಲ್ಲೇ ನಿಂತು, ಫೋನನ್ನು ಅದು ಬಳಸುವ ವೈ-ಫೈಗೇ ಸೇರಿಸಿ, ರೌಟರ್‌ನ ವಿಳಾಸಕ್ಕೆ ಪಿಂಗ್ ಕಳಿಸಿ. ಆ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಉತ್ತರ ಹತ್ತು ಮಿಲಿಸೆಕೆಂಡ್ ಆಸುಪಾಸಿನಲ್ಲಿ ಒಂದೇ ಸಮನೆ ಬರುತ್ತಿದ್ದರೆ ಅಲ್ಲಿ ಗಾಳಿ ಸರಿಯಾಗಿದೆ. ಒಮ್ಮೆ 5, ಒಮ್ಮೆ 400, ಒಮ್ಮೆ ಉತ್ತರವೇ ಇಲ್ಲ ಅಂತಾದರೆ ತೊಂದರೆ ಮನೆಯೊಳಗಿನ ಗಾಳಿಯಲ್ಲೇ ಇದೆ. ರೌಟರ್‌ಗೆ ಸಲೀಸಾಗಿ ಹೋಗುತ್ತಿದೆ, ಆದರೆ 8.8.8.8ಕ್ಕೆ (ಇದು ಹೊರಗಿರುವ ಗೂಗಲ್ ಸರ್ವರ್‌ನ ವಿಳಾಸ) ಕಳಿಸಿದಾಗ ಕಡಿಯುತ್ತಿದೆ ಅಂದರೆ ಮಾತ್ರ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ಫೈಬರ್ ಬಾಕ್ಸ್ ಮೇಲೆ ಎಲ್‌ಒಎಸ್ ಅನ್ನುವ ಕೆಂಪು ದೀಪ ಹತ್ತಿದ್ದರೆ ಇಷ್ಟೂ ಬೇಕಿಲ್ಲ. ಬೆಳಕಿನ ಸಿಗ್ನಲ್ಲೇ ಮನೆಗೆ ಬರುತ್ತಿಲ್ಲ.

ಇನ್ನೊಂದು ಅಭ್ಯಾಸ ಬಹಳ ಸಹಾಯ ಮಾಡುತ್ತದೆ. ಯಾವ ಸಾಧನ, ಯಾವ ಹೊತ್ತಿಗೆ ಕೈಕೊಟ್ಟಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಎಲ್ಲವೂ ಒಟ್ಟಿಗೆ ಹೋದರೆ ರೌಟರ್ ಕಡೆ ನೋಡಿ. ಒಂದೇ ಹೋದರೆ ಆ ಸಾಧನ ಇರುವ ಜಾಗ ನೋಡಿ. ಸಂಜೆ ಏಳರಿಂದ ಹನ್ನೊಂದರವರೆಗೆ ಮಾತ್ರ ಆದರೆ ಅಕ್ಕಪಕ್ಕದ ಮನೆಗಳ ವೈ-ಫೈ ಮೇಲೆ ಅನುಮಾನ ಪಡಿ. ಅಡುಗೆಮನೆಯಲ್ಲಿ ಏನನ್ನೋ ಬಿಸಿ ಮಾಡುವ ಎರಡು ನಿಮಿಷ ಮಾತ್ರ ಆದರೆ ಅದು ಮೈಕ್ರೋವೇವ್ ಓವನ್. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ನಿಮ್ಮ ಬಲ್ಬು ಮಾತಾಡುವ ತರಂಗವೂ ಅಲ್ಲೇ ಇದೆ.

2.4ರ ಇಕ್ಕಟ್ಟು

ಮನೆಯ ರೌಟರ್ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ ತರಂಗಗಳ ಎರಡು ಪಟ್ಟಿಗಳಲ್ಲಿ ಮಾತಾಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266ನಂಥ ಅಗ್ಗದ ಚಿಪ್‌ಗಳು ಬಂದ ಮೇಲೇ ಈ ಸಾಧನಗಳು ಸಾವಿರ ರೂಪಾಯಿ ಒಳಗೆ ಸಿಗತೊಡಗಿದ್ದು. ಅಂಥ ಚಿಪ್‌ಗಳು ಕಡಿಮೆ ಖರ್ಚಿಗಾಗಿ 5 ಗಿಗಾಹರ್ಟ್ಸ್ ಬಿಟ್ಟಿವೆ. ಹಾಗೆ ಬಿಟ್ಟಿದ್ದು ತಪ್ಪೂ ಅಲ್ಲ. 2.4ರ ತರಂಗ ಗೋಡೆ ದಾಟಿ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ.

ತೊಂದರೆ ಏನೆಂದರೆ ಆ ಬ್ಯಾಂಡ್ ತೀರಾ ಇಕ್ಕಟ್ಟು. ಭಾರತದಲ್ಲಿ ಅಲ್ಲಿ 1ರಿಂದ 13ರವರೆಗೆ ಚಾನೆಲ್ ಇವೆ. ಆದರೆ ಒಂದೊಂದು ಚಾನೆಲ್ ಸುಮಾರು 20 ಮೆಗಾಹರ್ಟ್ಸ್ ಅಗಲ, ಪಕ್ಕದ ಚಾನೆಲ್‌ಗೆ ಇರುವ ದೂರ 5 ಮೆಗಾಹರ್ಟ್ಸ್ ಅಷ್ಟೆ. ಹಾಗಾಗಿ ಒಂದರ ಮೇಲೊಂದು ಬೀಳದೆ ಕೂರುವುದು ಮೂರೇ: 1, 6, 11. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಫೋನ್ ತೆಗೆದು ನೋಡಿದರೆ ಇಪ್ಪತ್ತು ಮೂವತ್ತು ವೈ-ಫೈ ಹೆಸರು ಕಾಣುವುದು ಸಾಮಾನ್ಯ. ಅಷ್ಟೂ ಮನೆಗಳು ಆ ಮೂರರಲ್ಲೇ ಹೊಂದಿಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ವೈ-ಫೈ ಅನಲೈಸರ್ ಥರದ ಆಪ್‌ನಲ್ಲಿ ನೋಡಿ, '3ನೇ ಚಾನೆಲ್‌ನಲ್ಲಿ ಯಾರೂ ಇಲ್ಲ, ಅಲ್ಲಿಗೆ ಹೋಗೋಣ' ಅಂತ ಬಹಳ ಜನ ಯೋಚಿಸುತ್ತಾರೆ. ಸಹಜವೇ. ಆದರೆ ಅದರಿಂದ ಕೆಡುಕೇ ಜಾಸ್ತಿ. ಎರಡು ರೌಟರ್ ಒಂದೇ ಚಾನೆಲ್‌ನಲ್ಲಿದ್ದರೆ ಒಂದರ ಮಾತು ಇನ್ನೊಂದಕ್ಕೆ ಅರ್ಥ ಆಗುತ್ತದೆ. ಒಂದು ಮಾತಾಡುವಾಗ ಇನ್ನೊಂದು ಕಾಯುತ್ತದೆ. ನಿಧಾನ ಆಗುತ್ತದೆ, ಆದರೆ ಮಾತು ಕೆಡುವುದಿಲ್ಲ. 3ನೇ ಚಾನೆಲ್‌ನಲ್ಲಿ ಕೂತರೆ 1ರವರಿಗೂ 6ರವರಿಗೂ ನೀವು ಬರೀ ಗದ್ದಲ. ನಿಮಗೂ ಅವರು ಗದ್ದಲವೇ. ಕಳಿಸಿದ್ದು ಕೆಟ್ಟು, ಮತ್ತೆ ಕಳಿಸಿ, ಮತ್ತೆ ಕೆಡುತ್ತದೆ. ಆದ್ದರಿಂದ ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ 1, 6, 11ರಲ್ಲಿ ಯಾವುದು ಕಡಿಮೆ ತುಂಬಿದೆಯೋ ಅದನ್ನೇ ಆರಿಸಿ, 'ಆಟೋ' ಬಿಟ್ಟು ಅದನ್ನೇ ಕಾಯಂ ಮಾಡಿ. ಆಟೋದಲ್ಲಿಟ್ಟ ರೌಟರ್ ತನಗೆ ಬೇಕೆನಿಸಿದಾಗ ಚಾನೆಲ್ ಬದಲಿಸುತ್ತದೆ. ಫೋನು, ಲ್ಯಾಪ್‌ಟಾಪ್ ಹಿಂದೆಯೇ ಹೋಗುತ್ತವೆ. ಅಗ್ಗದ ಪ್ಲಗ್ಗು ಕೆಲವೊಮ್ಮೆ ಹಳೇ ಜಾಗದಲ್ಲೇ ಕಾಯುತ್ತಾ ಕೂರುತ್ತದೆ. ಆಟೋ ಸುಮ್ನೆ 12 ಅಥವಾ 13ಕ್ಕೆ ಹೋದರೆ ಇನ್ನೊಂದು ಪೇಚು. ಅಮೆರಿಕದಿಂದ ಯಾರೋ ತಂದುಕೊಟ್ಟ ಸಾಧನಕ್ಕೆ ಆ ಚಾನೆಲ್‌ಗಳು ಕಾಣದೇ ಇರಬಹುದು.

ಚಾನೆಲ್ ಅಗಲ ಅನ್ನುವ ಸೆಟ್ಟಿಂಗ್ ಕೂಡ ಅಲ್ಲೇ ಇರುತ್ತದೆ. 2.4ರಲ್ಲಿ ಅದನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 40 ಇಟ್ಟರೆ ಇಡೀ ಬ್ಯಾಂಡಿನ ಅರ್ಧದಷ್ಟನ್ನು ನೀವೊಬ್ಬರೇ ಹಿಡಿಯಲು ಹೋಗುತ್ತೀರಿ, ಅಷ್ಟೂ ಜನರ ಗದ್ದಲ ನಿಮ್ಮ ಮೇಲೇ ಬೀಳುತ್ತದೆ.

ಟಿವಿ, ಲ್ಯಾಪ್‌ಟಾಪ್, ಫೋನುಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಸಾಗಿಸಿಬಿಡಿ. ಟಿವಿಗೆ ಕೇಬಲ್ ಎಳೆಯಲು ಆದರೆ ಇನ್ನೂ ಒಳ್ಳೆಯದು. ಮಕ್ಕಳು ಸಂಜೆ ವಿಡಿಯೋ ನೋಡುವಾಗ 2.4ರಲ್ಲಿ ಆಗುವ ದಟ್ಟಣೆ ಇದೊಂದರಿಂದಲೇ ಬಹಳ ಇಳಿಯುತ್ತದೆ. ಒಂದೇ ರೂಪಾಯಿ ಖರ್ಚಿಲ್ಲದೆ ಇಷ್ಟು ಫಲ ಕೊಡುವ ಇನ್ನೊಂದು ಉಪಾಯ ನನಗಂತೂ ಗೊತ್ತಿಲ್ಲ.

ಹೊಸ ಸಾಧನವನ್ನು ಸೇರಿಸುವಾಗಲೇ ಸೋಲುವುದು ಇನ್ನೊಂದು ಸಾಮಾನ್ಯ ದೂರು. ಈಗಿನ ರೌಟರ್‌ಗಳು ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಡುತ್ತವೆ. ಫೋನ್ 5ರಲ್ಲಿರುತ್ತದೆ, ಪ್ಲಗ್ಗು 2.4ರಲ್ಲಿ ಹುಡುಕುತ್ತದೆ, ಸೇರಿಸುವ ಆಪ್ ಗೊಂದಲಕ್ಕೆ ಬೀಳುತ್ತದೆ. ಸೇರಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಆಫ್ ಮಾಡಿ, ಅಥವಾ 2.4ಕ್ಕೆ ಬೇರೆ ಹೆಸರು ಕೊಡಿ.

ಬೇರೆ ಹೆಸರು ಅಂದಾಗ ನೆನಪಾಯಿತು. ವೈ-ಫೈ ಹೆಸರನ್ನು ಕನ್ನಡದಲ್ಲಿ ಇಡುವುದು ನನಗೂ ಇಷ್ಟ. ಫೋನುಗಳು ಅದನ್ನು ಚೆನ್ನಾಗಿಯೇ ತೋರಿಸುತ್ತವೆ. ಆದರೆ ವೈ-ಫೈ ಹೆಸರಿಗೆ ಇರುವ ಜಾಗ 32 ಬೈಟ್. ನಾವು ಸಾಮಾನ್ಯವಾಗಿ ಬಳಸುವ ಯೂನಿಕೋಡ್ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಗುಣಿತದ ಕೊಂಬು, ಒತ್ತು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ಹತ್ತು ಚಿಹ್ನೆಗೆ ಜಾಗ ಮುಗಿಯುತ್ತದೆ. ಮೇಲಾಗಿ ಕೆಲವು ಅಗ್ಗದ ಸಾಧನಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೆ ಓದಲು ಬರುವುದಿಲ್ಲ. ಮನೆಯವರ ಫೋನುಗಳಿಗೆ ಕನ್ನಡದ ಹೆಸರಿರಲಿ. ಸ್ಮಾರ್ಟ್ ಸಾಧನಗಳ 2.4ಕ್ಕೆ ಸರಳ ಇಂಗ್ಲಿಷ್ ಹೆಸರು ಸಾಕು. ಹಾಗಂತ ಹೆಸರುಗಳನ್ನು ಹೆಚ್ಚಿಸುತ್ತಾ ಹೋಗಬೇಡಿ. ಪ್ರತಿ ಹೆಸರನ್ನೂ ರೌಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗಿ ಹೇಳುತ್ತದೆ, ಅದೂ ಸಾಮಾನ್ಯವಾಗಿ ತೀರಾ ನಿಧಾನದ ವೇಗದಲ್ಲಿ.

ಗೋಡೆ, ಬೀರು, ನೀರು

ಸಿಗ್ನಲ್ ಬಲವನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಅದು ಮೈನಸ್ ಅಂಕಿ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ರೌಟರ್ ಪಕ್ಕದಲ್ಲೇ ನಿಂತರೆ ಮೈನಸ್ 30 ಆಸುಪಾಸು. ಮೈನಸ್ 50 ಬಹಳ ಚೆನ್ನ. ಮೈನಸ್ 67ರವರೆಗೆ ನೆಮ್ಮದಿ. 70 ದಾಟಿದರೆ ಕಡಿಯಲು ಶುರು, 80 ದಾಟಿದರೆ ಆಸೆ ಬಿಡಿ. ಲೆಕ್ಕ ಮಾಮೂಲಿ ಅಲ್ಲ ಅನ್ನುವುದು ನೆನಪಿರಲಿ: 3 ಕಡಿಮೆಯಾದರೆ ಬಲ ಅರ್ಧ, 10 ಕಡಿಮೆಯಾದರೆ ಹತ್ತರಲ್ಲಿ ಒಂದು ಪಾಲು.

ಈ ಅಂಕಿಯನ್ನು ಫೋನಿನಲ್ಲಿ ನೋಡುವುದಕ್ಕಿಂತ ರೌಟರ್‌ನ ಪುಟದಲ್ಲಿ ನೋಡುವುದು ಒಳ್ಳೆಯದು. ಬಹಳಷ್ಟು ರೌಟರ್‌ಗಳು ಸೇರಿಕೊಂಡ ಪ್ರತಿ ಸಾಧನದ ಸಿಗ್ನಲ್ ಎಷ್ಟು ಅಂತ ಅಲ್ಲಿ ತೋರಿಸುತ್ತವೆ. ಫೋನ್ ಹೇಳುವುದು ರೌಟರ್‌ನ ದನಿ ಫೋನಿಗೆ ಎಷ್ಟು ಕೇಳುತ್ತಿದೆ ಅಂತ. ನಮಗೆ ಬೇಕಿರುವುದು ಪ್ಲಗ್ಗಿನ ದನಿ ರೌಟರ್‌ಗೆ ಎಷ್ಟು ಕೇಳುತ್ತಿದೆ ಅನ್ನುವುದು. ದೇವಸ್ಥಾನದ ಮೈಕಿನಲ್ಲಿ ಕರೆದರೆ ಊರಿಗೆಲ್ಲ ಕೇಳುತ್ತದೆ, ಊರಾಚೆಯಿಂದ ನಾವು ಬಾಯಲ್ಲಿ ಕೊಟ್ಟ ಉತ್ತರ ದೇವಸ್ಥಾನಕ್ಕೆ ಕೇಳುವುದಿಲ್ಲ. ರೌಟರ್‌ಗೆ ದೊಡ್ಡ ಆಂಟೆನಾಗಳಿವೆ. ಬಲ್ಬಿನೊಳಗಿನದು ಸರ್ಕ್ಯೂಟ್ ಬೋರ್ಡಿನ ಮೇಲೆ ಕೊರೆದ ಸಣ್ಣ ಗೆರೆ. ಅದಕ್ಕೇ ನಾಲ್ಕು ಆಂಟೆನಾ ಇರುವ ರೌಟರ್‌ನಿಂದ ಆರು ಆಂಟೆನಾದ್ದಕ್ಕೆ ಹೋದರೂ ಎಷ್ಟೋ ಸಲ ಏನೂ ಬದಲಾಗುವುದಿಲ್ಲ.

ನಮ್ಮ ಮನೆಗಳ ಕಟ್ಟಡವೂ ಇದಕ್ಕೆ ಸೇರಿಕೊಳ್ಳುತ್ತದೆ. ವಿದೇಶದ ಮರದ ಮನೆಗಳನ್ನು ನೋಡಿ ಬರೆದ ಸಲಹೆಗಳು ಇಲ್ಲಿ ನಡೆಯುವುದಿಲ್ಲ. ಇಟ್ಟಿಗೆ ಗೋಡೆ ಒಂದನ್ನು ತರಂಗ ಹೇಗೋ ದಾಟುತ್ತದೆ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಮೋಲ್ಡ್ ದಾಟಿ ಮೇಲಿನ ಮಹಡಿಗೆ ಹೋಗುವುದು ಕಷ್ಟ. ಕರಾವಳಿಯ ಕೆಂಪು ಕಲ್ಲಿನ ದಪ್ಪ ಗೋಡೆ, ಹಳೇ ಮನೆಗಳ ಕಲ್ಲಿನ ಗೋಡೆ ಇನ್ನೂ ಗಟ್ಟಿ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ ತರಂಗವನ್ನು ಅಡ್ಡ ಹಾಕುತ್ತವೆ. ನೀರು ಅದನ್ನು ಹೀರಿಕೊಳ್ಳುತ್ತದೆ. ತಾರಸಿಯ ಟ್ಯಾಂಕಿಗೆ ಅಂಟಿಸಿದ ನೀರಿನ ಮಟ್ಟದ ಸೆನ್ಸರ್, ಟ್ಯಾಂಕ್ ಖಾಲಿ ಇದ್ದಾಗ ಸರಿಯಾಗಿ ಓಡಿ ತುಂಬಿದಾಗ ಮಾಯ ಆಗುತ್ತಿದ್ದರೆ ಕಾರಣ ಇದೇ ಇರಬಹುದು. ಅದನ್ನು ಮನೆಯ ಕಡೆಗೆ ಮುಖ ಮಾಡಿರುವ ಬದಿಗೆ ಸರಿಸಿ.

ರೌಟರ್ ಎಲ್ಲಿದೆ ನೋಡಿ. ಫೈಬರ್ ಹಾಕಲು ಬಂದವರು ವೈರ್ ಉಳಿಸಲು ಬಾಗಿಲ ಪಕ್ಕದಲ್ಲೇ ಕೂರಿಸಿರುತ್ತಾರೆ. ಎಷ್ಟೋ ಫ್ಲ್ಯಾಟುಗಳಲ್ಲಿ ಬಾಗಿಲ ಹಿಂದಿನ ತಗಡಿನ ಡಬ್ಬಿಯೊಳಗೆ ರೌಟರ್ ಇಟ್ಟು ಮುಚ್ಚಳ ಹಾಕಿರುತ್ತಾರೆ. ನೋಡಲು ನೀಟು, ಆದರೆ ಸಿಗ್ನಲ್ಲನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದ ಹಾಗೆ ಆಗುತ್ತದೆ. ಟಿವಿ ಹಿಂದೆ ಇಡುವುದೂ ಅಷ್ಟೇ ಕೆಟ್ಟದ್ದು. ಮನೆಯ ನಡುಭಾಗಕ್ಕೆ, ತಲೆಗಿಂತ ಸ್ವಲ್ಪ ಎತ್ತರಕ್ಕೆ, ಬಯಲಾಗಿ ಕಾಣುವ ಹಾಗೆ ತನ್ನಿ. ಇದಕ್ಕೆ ಬೇಕಿರುವುದು ಹತ್ತು ಮೀಟರ್ ಲ್ಯಾನ್ ಕೇಬಲ್ ಅಷ್ಟೆ. ಹೊಸ ರೌಟರ್‌ಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಸ್ವಿಚ್ ಬೋರ್ಡಿನ ಒಳಗೆ ಕೂರಿಸುವ ಸ್ಮಾರ್ಟ್ ಮಾಡ್ಯೂಲ್‌ಗಳ ಕಥೆ ಬೇರೆ. ಗೋಡೆಯೊಳಗಿನ ಬಾಕ್ಸ್ ನಮ್ಮಲ್ಲಿ ಬಹಳ ಕಡೆ ತಗಡಿನದು. ಐದು ಕಡೆಯೂ ಲೋಹ, ಮುಂದಿನ ಪ್ಲಾಸ್ಟಿಕ್ ತಟ್ಟೆಯ ಕಡೆಯಿಂದ ಮಾತ್ರ ಸಿಗ್ನಲ್ ಹೊರಗೆ ಬರಬೇಕು. ಮಾಡ್ಯೂಲನ್ನು ವೈರುಗಳ ಹಿಂದೆ ಆಳಕ್ಕೆ ತುರುಕಿದ್ದರೆ ಅದೂ ಇಲ್ಲ. ಮನೆ ಕಟ್ಟಿಸುತ್ತಿರುವವರು ಈಗಲೇ ಪಿವಿಸಿ ಬಾಕ್ಸ್ ಹಾಕಿಸಿ, ಪ್ರತಿ ಬೋರ್ಡಿಗೂ ನ್ಯೂಟ್ರಲ್ ವೈರ್ ತರಿಸಿ. ನ್ಯೂಟ್ರಲ್ ಇಲ್ಲದೆ ನಡೆಯುವ ಮಾಡ್ಯೂಲ್‌ಗಳು ಬಲ್ಬಿನ ಮೂಲಕ ಹರಿಯುವ ಅಲ್ಪ ಕರೆಂಟಿನಲ್ಲೇ ಬದುಕುತ್ತವೆ. ಬಲ್ಬು ಐದು ವ್ಯಾಟಿನ ಎಲ್‌ಇಡಿ ಆದರೆ ಆ ಕರೆಂಟ್ ರೇಡಿಯೋಗೆ ಸಾಲದೆ ಹೋಗಬಹುದು. ನೋಡುವವರಿಗೆ ಅದು ವೈ-ಫೈ ತೊಂದರೆಯ ಹಾಗೇ ಕಾಣುತ್ತದೆ. ಈ ಬೋರ್ಡ್ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಜಾಗ ಬದಲಿಸುವಾಗ ಒಂದು ಮಾತು. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗಳಿಗೆ ಬಡಿದು ವಾಪಸ್ ಬಂದ ತರಂಗಗಳು ಒಂದನ್ನೊಂದು ಕೆಲವು ಕಡೆ ಬಲಪಡಿಸುತ್ತವೆ, ಕೆಲವು ಕಡೆ ಅಳಿಸಿಹಾಕುತ್ತವೆ. ಹಾಗಾಗಿ ಸಾಧನವನ್ನು ನಾಲ್ಕು ಬೆರಳು ಸರಿಸಿದರೂ ವ್ಯತ್ಯಾಸ ಕಾಣಬಹುದು. ಬೇರೆ ಕೋಣೆಗೆ ಒಯ್ಯುವ ಮೊದಲು ಅಲ್ಲೇ ಆಚೀಚೆ ಸರಿಸಿ ನೋಡಿ.

ಜಿಗ್‌ಬೀ ಇದ್ದರೆ

ಬಾಗಿಲಿನ ಸೆನ್ಸರ್, ಬ್ಯಾಟರಿ ಬಟನ್‌ಗಳಂಥ ಸಾಧನಗಳಲ್ಲಿ ಹಲವು ವೈ-ಫೈ ಬಿಟ್ಟು ಜಿಗ್‌ಬೀ ಅನ್ನುವ, ಬ್ಯಾಟರಿ ಕಡಿಮೆ ತಿನ್ನುವ ಇನ್ನೊಂದು ರೇಡಿಯೋ ಪದ್ಧತಿ ಬಳಸುತ್ತವೆ. ಹೊಸದಾಗಿ ಬಂದ ಥ್ರೆಡ್ ಕೂಡ ಅದೇ ಬಗೆಯ ರೇಡಿಯೋ. ಎರಡೂ ಇರುವುದು ಅದೇ 2.4ರಲ್ಲೇ. ಅಂದರೆ ನಿಮ್ಮ ವೈ-ಫೈಯೇ ಅವಕ್ಕೆ ದೊಡ್ಡ ಅಡ್ಡಿ ಆಗಬಹುದು. ಜಿಗ್‌ಬೀ ಚಾನೆಲ್‌ಗಳಿಗೆ 11ರಿಂದ 26ರವರೆಗೆ ನಂಬರು. ವೈ-ಫೈನ 11 ಬೇರೆ, ಜಿಗ್‌ಬೀಯ 11 ಬೇರೆ, ಇದನ್ನು ಕಲಸಿಕೊಳ್ಳಬೇಡಿ. ವೈ-ಫೈ 1ರಲ್ಲಿದ್ದರೆ ಅದು ಜಿಗ್‌ಬೀಯ 11ರಿಂದ 14ರವರೆಗಿನ ಜಾಗ ತಿನ್ನುತ್ತದೆ. ವೈ-ಫೈ 6ನೇ ಚಾನೆಲ್‌ನಲ್ಲಿದ್ದರೆ 16ರಿಂದ 19. 11ರಲ್ಲಿದ್ದರೆ 21ರಿಂದ 24. ನಡುವೆ ಉಳಿಯುವುದು 15, 20, 25. ಫಿಲಿಪ್ಸ್ ಹ್ಯೂ ತನ್ನ ಬ್ರಿಜ್‌ನಲ್ಲಿ (ಜಿಗ್‌ಬೀ ಸಾಧನಗಳನ್ನು ರೌಟರ್‌ಗೆ ಜೋಡಿಸುವ ಹಬ್) 11, 15, 20, 25 ಇಷ್ಟನ್ನೇ ಕೊಟ್ಟಿರುವುದು ನೋಡಿದರೆ ಲೆಕ್ಕ ತಿಳಿಯುತ್ತದೆ. ವೈ-ಫೈ 1ರಲ್ಲಿಟ್ಟು, ಜಿಗ್‌ಬೀಯನ್ನು 20 ಅಥವಾ 25ಕ್ಕೆ ಕಳಿಸಿ. ಕೆಲವು ಹಬ್‌ಗಳಲ್ಲಿ ಚಾನೆಲ್ ಬದಲಿಸಿದರೆ ಎಲ್ಲ ಸಾಧನವನ್ನೂ ಮತ್ತೆ ಸೇರಿಸಬೇಕಾಗುತ್ತದೆ. ಆದ್ದರಿಂದ ಇದನ್ನು ಮೊದಲ ದಿನವೇ ತೀರ್ಮಾನಿಸಿಬಿಡುವುದು ಒಳ್ಳೆಯದು.

ಕಂಪ್ಯೂಟರಿಗೆ ಜಿಗ್‌ಬೀ ಡಾಂಗಲ್ ಚುಚ್ಚಿ, ಸ್ಮಾರ್ಟ್ ಮನೆ ನಿಭಾಯಿಸುವ ಹೋಮ್ ಅಸಿಸ್ಟೆಂಟ್ ಅನ್ನುವ ತಂತ್ರಾಂಶ ನಡೆಸುವವರಿಗೆ ಒಂದು ವಿಶೇಷ ಎಚ್ಚರಿಕೆ. ಯುಎಸ್‌ಬಿ 3.0 ಪೋರ್ಟು, ಅದಕ್ಕೆ ಸೇರಿಸಿದ ಹಾರ್ಡ್ ಡಿಸ್ಕು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ಬರೆದಿದೆ. ಡಾಂಗಲನ್ನು ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕಂಪ್ಯೂಟರಿನಿಂದ ದೂರ ತಂದರೆ, ವಾರಗಟ್ಟಲೆ ಕಾಡಿದ್ದು ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಜಿಗ್‌ಬೀಯ ದೊಡ್ಡ ಗುಣ ಎಂದರೆ ಕರೆಂಟಿಗೆ ಸೇರಿಸಿದ ಸಾಧನಗಳು ಒಂದರ ಮಾತನ್ನು ಇನ್ನೊಂದು ದಾಟಿಸುತ್ತವೆ. ಬ್ಯಾಟರಿ ಸಾಧನಗಳು ದಾಟಿಸುವುದಿಲ್ಲ. ಅವು ನಿದ್ದೆ ಮಾಡುತ್ತಾ ಬ್ಯಾಟರಿ ಉಳಿಸುತ್ತವೆ. ಹಾಲಿನ ಜಿಗ್‌ಬೀ ಬಲ್ಬು ಹಿತ್ತಿಲ ಬಾಗಿಲಿನ ಸೆನ್ಸರ್‌ನ ಮಾತನ್ನು ದಾಟಿಸುತ್ತಿತ್ತು ಅಂತಿಟ್ಟುಕೊಳ್ಳಿ. ಅಜ್ಜಿ ಮಲಗುವ ಮೊದಲು ಗೋಡೆಯ ಸ್ವಿಚ್ ಆರಿಸುತ್ತಾರೆ. ಬಲ್ಬು ಸತ್ತಿತು, ಅದರ ಜೊತೆ ಹಿತ್ತಿಲ ಸೆನ್ಸರ್‌ನ ದಾರಿಯೂ ಕಡಿಯಿತು. ಇದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ. ಸ್ವಿಚ್ ಇರುವುದೇ ಆರಿಸಲು. ಮನೆಯವರಿಗೆ 'ಸ್ವಿಚ್ ಮುಟ್ಟಬೇಡಿ' ಅಂತ ಚೀಟಿ ಅಂಟಿಸುವ ಮನೆಗಳನ್ನು ನೋಡಿದ್ದೇನೆ, ಅದು ನನಗೆ ಸರಿ ಕಾಣುವುದಿಲ್ಲ. ಬಲ್ಬನ್ನು ಸ್ಮಾರ್ಟ್ ಮಾಡುವ ಬದಲು ಸ್ವಿಚ್ಚನ್ನು ಸ್ಮಾರ್ಟ್ ಮಾಡಿ. ಬಲ್ಬು ಮಾಮೂಲಿದೇ ಇರಲಿ. ಆಗ ಕೈಯಲ್ಲೂ ಹಾಕಬಹುದು, ಫೋನಿನಲ್ಲೂ ಹಾಕಬಹುದು, ಜಾಲವೂ ಕಡಿಯುವುದಿಲ್ಲ. ನೆಟ್ ಹೋದ ರಾತ್ರಿಯೂ ಬಚ್ಚಲಮನೆ ದೀಪ ಹತ್ತುತ್ತದೆ.

ರೌಟರ್ ಒಳಗೆ

ಇಂಟರ್ನೆಟ್ ಕಂಪನಿಯ ಡಬ್ಬಿಯೂ ವೈ-ಫೈ ಕೊಡುತ್ತದೆ, ನೀವು ಕೊಂಡ ರೌಟರೂ ಕೊಡುತ್ತದೆ. ನಮ್ಮ ಮನೆಗಳಲ್ಲಿ ಈ ಜೋಡಿ ತೀರಾ ಸಾಮಾನ್ಯ. ಎರಡೂ 192.168.1.1 ಅನ್ನುವ ಒಂದೇ ವಿಳಾಸ ಹಿಡಿದಿದ್ದರೆ ಜಗಳ ಶುರು. ವಿಳಾಸ ಬೇರೆ ಇದ್ದರೂ, ಫೋನು ಒಂದರಲ್ಲಿ, ಕ್ಯಾಮೆರಾ ಇನ್ನೊಂದರಲ್ಲಿ ಸೇರಿಕೊಂಡರೆ ಒಂದಕ್ಕೊಂದು ಕಾಣುವುದಿಲ್ಲ. ಕಂಪನಿಯ ಡಬ್ಬಿಯನ್ನು ಬ್ರಿಜ್ ಮೋಡ್‌ಗೆ, ಅಂದರೆ ವಿಳಾಸ ಹಂಚದೆ ಇಂಟರ್ನೆಟ್ ದಾಟಿಸುವ ಕೆಲಸಕ್ಕೆ ಮಾತ್ರ ಹಾಕಿಸಿ, ಅದರ ವೈ-ಫೈ ಆಫ್ ಮಾಡಿ. ಅವರು ಒಪ್ಪದಿದ್ದರೆ ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ವಿಳಾಸ ಹಂಚದೆ ವೈ-ಫೈ ಮಾತ್ರ ಕೊಡುತ್ತದೆ. ಮನೆಯಲ್ಲಿ ವಿಳಾಸ ಹಂಚುವ ಯಜಮಾನ ಒಬ್ಬನೇ ಇರಬೇಕು.

ಆ ಯಜಮಾನ ಸಾಧನಗಳಿಗೆ ವಿಳಾಸವನ್ನು ಇಷ್ಟು ಗಂಟೆಗೆ ಅಂತ ಬಾಡಿಗೆಗೆ ಕೊಡುತ್ತಾನೆ. ಅವಧಿ ಮುಗಿದಾಗ ಕೆಲವು ಸಾಧನ ಎಡವುತ್ತವೆ. ದಿನಾ ಒಂದೇ ಅಂತರದಲ್ಲಿ ಪ್ಲಗ್ಗು ಮಾಯ ಆಗುತ್ತಿದ್ದರೆ ಇದನ್ನು ಅನುಮಾನಿಸಿ. ರೌಟರ್‌ನಲ್ಲಿ ಅಡ್ರೆಸ್ ರಿಸರ್ವೇಷನ್ ಅಂತ ಇರುತ್ತದೆ, ಅದರಲ್ಲಿ ಪ್ಲಗ್ಗಿಗೆ ಕಾಯಂ ವಿಳಾಸ ಬರೆದಿಡಿ.

ಭದ್ರತೆಯ ಸೆಟ್ಟಿಂಗ್‌ನಲ್ಲಿ ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೇ ಸಾಧನಗಳು ಬಾಗಿಲಲ್ಲೇ ನಿಲ್ಲುತ್ತವೆ. 2.4ಕ್ಕೆ ಡಬ್ಲ್ಯುಪಿಎ2 ಇಟ್ಟು, ಗಟ್ಟಿ ಪಾಸ್‌ವರ್ಡ್ ಹಾಕಿ. 'ಫಾಸ್ಟ್ ರೋಮಿಂಗ್' ಅನ್ನುವುದು ಓಡಾಡುವಾಗ ಒಂದು ವೈ-ಫೈ ಡಬ್ಬಿಯಿಂದ ಇನ್ನೊಂದಕ್ಕೆ ಬೇಗ ಜಿಗಿಯಲು ಫೋನುಗಳಿಗಾಗಿ ಇರುವ ಸೌಲಭ್ಯ, ಗೋಡೆಗೆ ಕೂರಿಸಿದ ಪ್ಲಗ್ಗಿಗೆ ಅದು ಬೇಡ, ಕೆಲವಕ್ಕೆ ಅದರಿಂದಲೇ ತೊಂದರೆ. ಗೆಸ್ಟ್ ನೆಟ್‌ವರ್ಕ್‌ನಲ್ಲಿ (ಅತಿಥಿಗಳಿಗೆಂದು ಕೊಡುವ ಪ್ರತ್ಯೇಕ ವೈ-ಫೈ) ಸ್ಮಾರ್ಟ್ ಸಾಧನ ಇಡುವುದು ಭದ್ರತೆಗೆ ಒಳ್ಳೆಯದೇ. ಆದರೆ ಅಲ್ಲಿರುವ ಸಾಧನಗಳು ಮನೆಯ ಬೇರೆ ಸಾಧನಗಳನ್ನು, ಎಷ್ಟೋ ಸಲ ಒಂದನ್ನೊಂದನ್ನೂ ನೋಡದ ಹಾಗೆ ರೌಟರ್ ತಡೆಯುತ್ತದೆ. ಟಿವಿಗೆ ಫೋನಿನಿಂದ ವಿಡಿಯೋ ಕಳಿಸುವುದು, ಬೇರೆ ಬೇರೆ ಕಂಪನಿಗಳ ಸಾಧನ ಒಟ್ಟಿಗೆ ಕೆಲಸ ಮಾಡಲೆಂದು 2022ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಟರ್ ಪದ್ಧತಿಯ ಸಾಧನಗಳು, ಇವೆಲ್ಲ ಮನೆಯೊಳಗೆ 'ಯಾರಿದ್ದೀರಿ?' ಅಂತ ಕೂಗಿ ಹುಡುಕುವ ಕ್ರಮದ ಮೇಲೆ ನಿಂತಿವೆ. ಆ ಕೂಗನ್ನೇ ತಡೆದರೆ ಸಾಧನ ಜೀವಂತವಾಗಿದ್ದರೂ ಆಪ್‌ಗೆ ಕಾಣದು.

ಕರೆಂಟ್ ಹೋಗಿ ಬಂದಾಗ

ಬೇಸಿಗೆ, ಮಳೆಗಾಲದಲ್ಲಿ ಸ್ಮಾರ್ಟ್ ಮನೆ ಹೆಚ್ಚು ಕಾಡುವುದಕ್ಕೆ ಇದು ದೊಡ್ಡ ಕಾರಣ, ಆದರೂ ಇದರ ಬಗ್ಗೆ ಮಾತು ಕಡಿಮೆ. ಕರೆಂಟ್ ಬಂದ ಕೂಡಲೇ ಬಲ್ಬುಗಳು ಒಂದೆರಡು ಸೆಕೆಂಡಿನಲ್ಲಿ ಎದ್ದು ವೈ-ಫೈ ಹುಡುಕುತ್ತವೆ. ರೌಟರ್ ಎದ್ದೇಳಲು ಒಂದೆರಡು ನಿಮಿಷ ಬೇಕು. ಚೆನ್ನಾಗಿ ಮಾಡಿದ ಬಲ್ಬು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೆಲವು ಸ್ವಲ್ಪ ಹೊತ್ತು ನೋಡಿ ಕೈಚೆಲ್ಲುತ್ತವೆ, ಅವನ್ನು ಕೈಯಾರೆ ಆರಿಸಿ ಹಾಕಬೇಕು. ರೌಟರ್‌ಗೂ ಫೈಬರ್ ಬಾಕ್ಸ್‌ಗೂ ಯುಪಿಎಸ್ ಇದ್ದರೆ ಈ ಇಡೀ ತೊಂದರೆಯೇ ಇರುವುದಿಲ್ಲ. ಮನೆಗೆ ಇನ್ವರ್ಟರ್ ಇಲ್ಲದಿದ್ದರೆ ರೌಟರ್‌ಗೆಂದೇ ಸಿಗುವ ಸಣ್ಣ 12 ವೋಲ್ಟ್ ಯುಪಿಎಸ್ ಸಾಕು. ಎರಡಕ್ಕೂ ಹಾಕುವುದು ಮರೆಯಬೇಡಿ. ರೌಟರ್ ಉಳಿದು ಫೈಬರ್ ಬಾಕ್ಸ್ ಆರಿದರೆ ಸರ್ವರ್ ನಂಬಿದ ಸಾಧನಗಳಿಗೆ ಉಪಯೋಗ ಇಲ್ಲ.

ಇನ್ನೊಂದು ವಿಚಿತ್ರ ಇದೆ. ಹಲವು ಬಲ್ಬುಗಳನ್ನು ಬೇಗ ಬೇಗ ಮೂರರಿಂದ ಐದು ಸಲ ಆರಿಸಿ ಹಾಕಿದರೆ ಅವು ಎಲ್ಲ ಮರೆತು ಹೊಸದಾಗಿ ಸೇರಿಸಿಕೊಳ್ಳಲು ಕಾಯುತ್ತವೆ. ಅದು ಬೇಕಂತಲೇ ಇಟ್ಟಿರುವ ಸೌಲಭ್ಯ. ಗಾಳಿ ಮಳೆಯ ಸಂಜೆ ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿದಾಗ ಬಲ್ಬಿಗೆ ಅದು ನಿಮ್ಮದೇ ಕೈ ಅನಿಸುತ್ತದೆ. ಮಿಣಮಿಣ ಮಿಂಚುತ್ತಾ ಕೂತ ಬಲ್ಬು ಕೆಟ್ಟಿಲ್ಲ, ಮರೆತಿದೆ. ಆಪ್‌ನಲ್ಲಿ ಈ ಸೌಲಭ್ಯ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿಬಿಡಿ.

ರೌಟರ್‌ನ ಅಡಾಪ್ಟರ್ ಮೇಲೂ ಕಣ್ಣಿಡಿ. ವರ್ಷಗಟ್ಟಲೆ ಬಿಸಿಯಲ್ಲಿ ಓಡಿದ ಅಡಾಪ್ಟರ್ ಪೂರ್ತಿ ಸಾಯುವ ಮೊದಲು ಸೊರಗುತ್ತದೆ. ರೌಟರ್ ದೀಪ ಉರಿಯುತ್ತಲೇ ಇರುತ್ತದೆ, ಆದರೆ ಕೆಲಸ ಜಾಸ್ತಿಯಾದಾಗ ತಾನೇ ರೀಸ್ಟಾರ್ಟ್ ಆಗುತ್ತದೆ. ರೌಟರ್‌ನ ಪುಟದಲ್ಲಿ 'ಅಪ್‌ಟೈಮ್' ನೋಡಿ. ನೀವು ಮುಟ್ಟದಿದ್ದರೂ ಅದು ಕೆಲವೇ ಗಂಟೆ ತೋರಿಸುತ್ತಿದ್ದರೆ ಅದೇ ವೋಲ್ಟೇಜ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಇರುವ ಬೇರೆ ಅಡಾಪ್ಟರ್ ಹಾಕಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಮಹಡಿಗೆ ಸಿಗ್ನಲ್ ಸಾಲದಿದ್ದರೆ ಕೊಳ್ಳುವ ಮಾತು. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುತ್ತದೆ, ಹಾಗಾಗಿ ಈಗಾಗಲೇ ಇಕ್ಕಟ್ಟಾದ ಗಾಳಿ ಇನ್ನೂ ತುಂಬುತ್ತದೆ. ಅದಕ್ಕಿಂತ ಮೇಲಿನ ಮಹಡಿಗೆ ಒಂದು ಲ್ಯಾನ್ ಕೇಬಲ್ ಎಳೆದು, ಹಳೇ ರೌಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿ ಇಡುವುದು ಎಷ್ಟೋ ಗಟ್ಟಿ. ಕೆಳಗಿನದು 1ನೇ ಚಾನೆಲ್, ಮೇಲಿನದು 11. ಕೇಬಲ್ ಎಳೆಯಲು ದಾರಿಯೇ ಇಲ್ಲದಿದ್ದರೆ ಮಾತ್ರ ಮೆಶ್ ಸೆಟ್, ಅಂದರೆ ಒಂದಕ್ಕೊಂದು ಸೇರಿ ಒಂದೇ ವೈ-ಫೈ ಕೊಡುವ ಡಬ್ಬಿಗಳ ಜೋಡಿ ತನ್ನಿ. ಅದರ ಎರಡನೇ ಡಬ್ಬಿಯನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಿ.

ಒಂದೇ ಸಾಧನ ಎಲ್ಲಿಟ್ಟರೂ ಕೈಕೊಡುತ್ತಿದ್ದರೆ ಅದನ್ನು ರೌಟರ್‌ನಿಂದ ಎರಡು ಮೀಟರ್ ದೂರದ ಸಾಕೆಟ್‌ಗೆ ಹಾಕಿ ಎರಡು ದಿನ ಬಿಡಿ. ಅಲ್ಲೂ ಕಡಿಯುತ್ತಿದ್ದರೆ ಅದರ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ ಇನ್ನೆರಡು ದಿನ ನೋಡಿ. ಆಮೇಲೂ ಅದೇ ಕಥೆ ಅಂದರೆ ಕೆಟ್ಟಿರುವುದು ಸಾಧನವೇ. ವಾರಂಟಿ ಮುಗಿಯುವ ಮೊದಲು ಬರೆದಿಟ್ಟ ಚೀಟಿ ತೋರಿಸಿ ಬದಲಾಯಿಸಿಕೊಳ್ಳಿ.